ಸಾಲದ ಷರತ್ತು ಮತ್ತು ಮನೆಯ ನಳ



ವಿಶ್ವಬ್ಯಾಂಕ್ ಮತ್ತು ಖಾಸಗೀಕರಣದ ಬಗ್ಗೆ ಮಾತನಾಡಬೇಕೆಂದು ಪದಾಧಿಕಾರಿಗಳು ಹೇಳಿದಾಗ ನಾನು ಹಿಂಜರಿದೆ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಉರ್ದು, ಕನ್ನಡ ಕಲಿಸುವ ಮೇಷ್ಟ್ರು. ಆದರೆ ಈ ವಿಷಯ ನನ್ನ ತರಗತಿಯೊಳಗೇ ಬಂದದ್ದುಂಟು. ನಾನು ಮೊದಲು ಕೆಲಸ ಮಾಡಿದ ಶಾಲೆಯ ಊರಿನಲ್ಲಿ ವಾರಕ್ಕೊಮ್ಮೆ ನಳಕ್ಕೆ ನೀರು ಬರುತ್ತಿತ್ತು. ಅಂದು ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿ ಹೆಚ್ಚುತ್ತಿತ್ತು. ಮರುದಿನ ಕೇಳಿದರೆ ಒಂದೇ ಉತ್ತರ: "ನಿನ್ನೆ ನೀರು ಬಂದಿತ್ತು, ಸರ್." ತಮ್ಮ ಶಾಲೆಗೆ ಬಂದಿರುತ್ತಿದ್ದ, ಅಕ್ಕ ಕೊಡ ಹಿಡಿದು ಪಾಳಿಯಲ್ಲಿ ನಿಂತಿರುತ್ತಿದ್ದಳು. ಆದ್ದರಿಂದ ನಾನು ನೀರಿನ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ.

ಮೊದಲು ಸಾಲ ಕೊಡುವವರು ಯಾರೆಂದು ತಿಳಿಯೋಣ. ವಿಶ್ವಬ್ಯಾಂಕ್ ಸಮೂಹವೆಂದರೆ ಐದು ಸಂಸ್ಥೆಗಳು ಕೂಡಿದ ಒಂದು ಮನೆ. 1944ರ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ರೂಪುಗೊಂಡ ಮೂಲ ಬ್ಯಾಂಕು ಸರ್ಕಾರಗಳಿಗೆ ಸಾಲ ಕೊಡುತ್ತದೆ. 1960ರಲ್ಲಿ ಆರಂಭವಾದ ಸಂಸ್ಥೆ ಬಡ ದೇಶಗಳಿಗೆ ರಿಯಾಯಿತಿ ಸಾಲ ನೀಡುತ್ತದೆ. 1956ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಹಣಕಾಸು ನಿಗಮ, ಅಂದರೆ ಐಎಫ್‌ಸಿ, ಖಾಸಗಿ ಕಂಪನಿಗಳಲ್ಲಿ ಹಣ ಹೂಡುತ್ತದೆ. ಖಾಸಗೀಕರಣ ಹೇಗೆ ಮಾಡಬೇಕೆಂದು ಸರ್ಕಾರಗಳಿಗೆ ಸಲಹೆಯನ್ನೂ ಕೊಡುತ್ತದೆ. 1988ರ ಇನ್ನೊಂದು ಸಂಸ್ಥೆ ವಿದೇಶಿ ಹೂಡಿಕೆಗೆ ಭದ್ರತೆ ಒದಗಿಸುತ್ತದೆ. 1966ರ ಮತ್ತೊಂದು ಸಂಸ್ಥೆಯಲ್ಲಿ ಕಂಪನಿ ಮತ್ತು ಸರ್ಕಾರಗಳ ನಡುವಿನ ವ್ಯಾಜ್ಯಗಳ ಪಂಚಾಯಿತಿ ನಡೆಯುತ್ತದೆ. ಸಾಲ, ಸಲಹೆ, ಷೇರು, ಭದ್ರತೆ, ಪಂಚಾಯಿತಿ ಎಲ್ಲವೂ ಒಂದೇ ಮನೆಯಲ್ಲಿ!

ಇವರ ವಾದವನ್ನೂ ನಾವು ನ್ಯಾಯವಾಗಿ ಕೇಳಬೇಕು. ಸರ್ಕಾರದ ಬೊಕ್ಕಸ ಸಾಲದು, ಕೊಳವೆಗಳು ಸೋರುತ್ತವೆ, ಬಿಲ್ಲು ವಸೂಲಾಗುವುದಿಲ್ಲ. ಖಾಸಗಿಯವರು ಬಂದರೆ ಬಂಡವಾಳವೂ ಶಿಸ್ತೂ ಬರುತ್ತದೆ ಎನ್ನುತ್ತಾರೆ. 2017ರಲ್ಲಿ ಬ್ಯಾಂಕು ಇದನ್ನೇ ಒಂದು ಕ್ರಮವಾಗಿ ಘೋಷಿಸಿತು: ಮೊದಲು ಖಾಸಗಿ ಹಣ ಸಿಗುವುದೇ ನೋಡಬೇಕು, ಅದಾಗದಿದ್ದಲ್ಲಿ ಮಾತ್ರ ಸಾರ್ವಜನಿಕ ಹಣ.

ಈ ವಾದ ನೆಲಕ್ಕಿಳಿದಾಗ ಏನಾಯಿತು? ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಕೊಚಬಾಂಬ ನಗರವನ್ನು ನೋಡಿ. ನೀರು ಸರಬರಾಜನ್ನು ಖಾಸಗಿಯವರಿಗೆ ವಹಿಸಬೇಕೆಂದು ವಿಶ್ವಬ್ಯಾಂಕ್ ಆ ಸರ್ಕಾರದ ಮೇಲೆ ಒತ್ತಡ ಹಾಕಿತ್ತು. 1999ರಲ್ಲಿ 40 ವರ್ಷಗಳ ಗುತ್ತಿಗೆಗೆ ಬಂದದ್ದು ಒಂದೇ ಒಂದು ಕೂಟದ ಟೆಂಡರು. ಅದರ ಹಿಂದೆ ಅಮೆರಿಕದ ಬೆಕ್ಟೆಲ್ ಕಂಪನಿ ಇತ್ತು. ಗುತ್ತಿಗೆಯಲ್ಲಿ ಕಂಪನಿಗೆ ಶೇಕಡ 15ಕ್ಕೂ ಹೆಚ್ಚು ಲಾಭದ ಖಾತರಿ ಇತ್ತು. ದುಬಾರಿ ಮಿಸಿಕುನಿ ಅಣೆಕಟ್ಟನ್ನೂ ಅದರಲ್ಲಿ ಸೇರಿಸಿದ್ದರು. ಇದನ್ನು ಬ್ಯಾಂಕು ಒಪ್ಪಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ದರ ಏರಿಕೆಯ ಭಾರ ಇಳಿಸಲು ಸರ್ಕಾರ ಸಹಾಯಧನ ಕೊಡಕೂಡದು ಎಂದು 1999ರ ವರದಿಯಲ್ಲಿ ಬರೆದದ್ದು ಅದೇ ಬ್ಯಾಂಕು.

2000ದ ಜನವರಿಯಲ್ಲಿ ಹೊಸ ಬಿಲ್ಲು ಬಂತು. ಕೆಲವು ಮನೆಗಳಲ್ಲಿ ಅದು ದುಪ್ಪಟ್ಟಾಗಿತ್ತು. ಜನ ಬೀದಿಗಿಳಿದರು. ಏಪ್ರಿಲ್‌ನಲ್ಲಿ 17 ವರ್ಷದ ಒಬ್ಬ ಹುಡುಗ ಗುಂಡೇಟಿಗೆ ಬಲಿಯಾದ. ಗುತ್ತಿಗೆ ರದ್ದಾಯಿತು. ಕಂಪನಿಯವರು ಪರಿಹಾರ ಕೇಳಿ ಹೋದದ್ದು ನಾನು ಆಗಲೇ ಹೇಳಿದ ಮನೆಯ ಪಂಚಾಯಿತಿ ಸಂಸ್ಥೆಗೆ. ಜಗತ್ತಿನಾದ್ಯಂತ ಟೀಕೆ ಬಂದ ಮೇಲೆ 2006ರಲ್ಲಿ ನಾಮಮಾತ್ರದ ಮೊತ್ತಕ್ಕೆ ರಾಜಿಯಾದರು. ಆದರೆ ಕಥೆ ಅಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ನೀರು ಸಾರ್ವಜನಿಕ ಸಂಸ್ಥೆಗೆ ಮರಳಿದ ಮೇಲೂ ನಗರದ ದಕ್ಷಿಣದ ಬಡ ಬಡಾವಣೆಗಳು ಬಹುಕಾಲ ಟ್ಯಾಂಕರ್ ನೀರನ್ನೇ ನಂಬಿಕೊಂಡಿದ್ದವು.

ಇನ್ನೊಂದು ಉದಾಹರಣೆ ಫಿಲಿಪೀನ್ಸಿನ ಮನಿಲಾ. 1997ರಲ್ಲಿ ಐಎಫ್‌ಸಿ ಸಲಹೆಯ ಮೇರೆಗೆ ನಗರವನ್ನು ಪೂರ್ವ, ಪಶ್ಚಿಮ ಎಂದು ವಿಂಗಡಿಸಿ ಎರಡು ಕಂಪನಿಗಳಿಗೆ ಒಪ್ಪಿಸಿದರು. ಪೂರ್ವದಲ್ಲಿ ಸೋರಿಕೆ ಇಳಿದು ಬಡವರ ಕೇರಿಗಳಿಗೂ ನಳ ಬಂತು. ಪಶ್ಚಿಮದ ಕಂಪನಿ ಸಾಲದಲ್ಲಿ ಮುಳುಗಿ ಕೈ ಬದಲಾಯಿಸಿತು. ಸಲಹೆ ಕೊಟ್ಟ ಐಎಫ್‌ಸಿ ಮುಂದೆ ಪೂರ್ವದ ಕಂಪನಿಯಲ್ಲಿ ಷೇರುದಾರನೂ ಆಯಿತು. ಸಲಹೆಗಾರನೇ ಪಾಲುದಾರನಾದರೆ ಸಲಹೆ ಯಾರ ಪರವಾಗಿತ್ತು ಎಂದು ಜನ ಕೇಳುವುದು ತಪ್ಪೇ?

ಈಗ ನಮ್ಮ ನಾಡಿಗೆ ಬರೋಣ. 2004ರಲ್ಲಿ ವಿಶ್ವಬ್ಯಾಂಕ್ ಕರ್ನಾಟಕದ ನಗರ ನೀರು ಯೋಜನೆಗೆ ಸುಮಾರು 4 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಬಡಾವಣೆಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ನಡೆಯಿತು. ಕೆಲಸ ಫ್ರಾನ್ಸಿನ ವಿಯೋಲಿಯಾ ಕಂಪನಿಗೆ ಸಿಕ್ಕಿತು. ಕೊಚಬಾಂಬಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ: ಇಲ್ಲಿ ಕೊಳವೆಗಳ ಒಡೆತನ ಸಾರ್ವಜನಿಕವಾಗಿಯೇ ಉಳಿಯಿತು, ಕಂಪನಿಗೆ ಕೆಲಸದ ಶುಲ್ಕ ಸಿಗುತ್ತಿತ್ತು.

ಫಲ ಸಿಕ್ಕಿತೇ? ಸಿಕ್ಕಿತು. ಹುಬ್ಬಳ್ಳಿ-ಧಾರವಾಡದಲ್ಲಿ ಅಧ್ಯಯನ ಮಾಡಿದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಿರಂತರ ನೀರಿರುವ ಕಡೆ ಟೈಫಾಯ್ಡ್ ಪ್ರಕರಣಗಳೂ, ಬಡ ಕುಟುಂಬದ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ ಇದ್ದವು. ಆದರೆ ಸಾಮಾನ್ಯ ಅತಿಸಾರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜೊತೆಗೆ ಮೀಟರ್ ಬಂತು, ಬೀದಿ ನಳ ಹೋಯಿತು ಎಂಬ ಆಕ್ಷೇಪವೂ ಕೇಳಿಬಂತು. 2016ರಲ್ಲಿ ಯೋಜನೆ ವಿಸ್ತರಿಸಲು ಇನ್ನೂ 10 ಕೋಟಿ ಡಾಲರ್ ಸಾಲ ಮಂಜೂರಾಯಿತು. ಈ ಸಾಲ ತೀರಿಸುವವರು ಬೇರೆ ಯಾರೂ ಅಲ್ಲ, ತೆರಿಗೆ ಕಟ್ಟುವ ನಾವೇ.

ಹಾಗಾದರೆ ಖಾಸಗಿ ಒಳ್ಳೆಯದೋ ಸರ್ಕಾರಿ ಒಳ್ಳೆಯದೋ? ಬರೀ ಹೆಸರು ನೋಡಿ ತೀರ್ಮಾನಿಸಬೇಡಿ ಎನ್ನುವುದೇ ನನ್ನ ವಿನಂತಿ. ಕರಾರು ಪತ್ರದಲ್ಲಿ ಮೂರು ಸಂಗತಿ ಹುಡುಕಿ. ದರ ನಿಗದಿ ಮಾಡುವವರು ಯಾರು? ನಷ್ಟವಾದರೆ ಹೊರುವವರು ಯಾರು? ಬಿಲ್ಲು ಕಟ್ಟಲಾಗದ ಮನೆಗೆ ನೀರು ಸಿಗುವುದೇ? ಕೊಚಬಾಂಬದಲ್ಲಿ ಈ ಮೂರಕ್ಕೂ ಉತ್ತರ ಜನರಿಗೆ ತಿಳಿದದ್ದು ಬಿಲ್ಲು ಕೈಗೆ ಬಂದ ಮೇಲೆ.

ಷರತ್ತು, ಕರಾರು, ಜಾಮೀನು, ವಸೂಲಿ, ಖಾಸಗಿ: ಇವೆಲ್ಲ ಅರಬ್ಬಿ, ಫಾರಸಿಗಳಿಂದ ಬಂದು ಉರ್ದುವಿನಲ್ಲೂ ಕನ್ನಡದಲ್ಲೂ ನೆಲೆಸಿದ ಪದಗಳು. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಇವು ಗೊತ್ತು. ಆದರೆ ಇವುಗಳಿರುವ ಕಾಗದವನ್ನು ನಾವು ಓದದೆ ಸಹಿ ಮಾಡುತ್ತೇವೆ. ನಗರಸಭೆಯ ಠರಾವು ಓದುವುದನ್ನು, ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆಯುವುದನ್ನು, ನೀರಿನ ಬಿಲ್ಲಿನ ಲೆಕ್ಕ ತಾಳೆ ನೋಡುವುದನ್ನು ಶಾಲೆಯಲ್ಲೇ ಕಲಿಸೋಣ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ, ವಾರಕ್ಕೊಂದು ಪೀರಿಯಡ್ ಸಾಕು.

ಪಾಲಕರಲ್ಲಿ ಕೊನೆಯದೊಂದು ಮಾತು. ನೀರಿನ ವ್ಯವಸ್ಥೆ ಎಂದು ಸರಿಹೋಗುವುದೋ ತಿಳಿಯದು. ಅಲ್ಲಿಯವರೆಗೆ ಕೊಡ ಹೊರುವ ಪಾಳಿಯನ್ನಾದರೂ ಗಂಡುಮಕ್ಕಳಿಗೂ ಹಂಚಿ. ಇಂದು ಶಾಲೆ ತಪ್ಪಿಸಿಕೊಂಡ ಹುಡುಗಿ ನಾಳೆ ಆ ಕರಾರು ಪತ್ರ ಓದಲಾರಳು. ಅವಳು ಓದಲಾರದಿದ್ದರೆ ಅವಳ ಮನೆಯ ನಳದ ಬಗ್ಗೆ ಬೇರೆಯವರೇ ತೀರ್ಮಾನ ಮಾಡುತ್ತಾರೆ.