ಕೈಮರದ ಬಳಿ ನಿಂತು



ಮೈಸೂರಿನಿಂದ ಹೆಗ್ಗಡದೇವನಕೋಟೆಯ ಕಡೆಗೆ ಪ್ರಯಾಣ ಮಾಡಿದವರಿಗೆ ಹ್ಯಾಂಡ್‌ಪೋಸ್ಟ್ ಅಪರಿಚಿತವಲ್ಲ. ಹ್ಯಾಂಡ್‌ಪೋಸ್ಟ್ ಎಂದರೆ ಕೈಮರ; ದಾರಿಗಳು ಕೂಡುವಲ್ಲಿ ನಿಂತು ಊರುಗಳ ದಿಕ್ಕು ತೋರುವ ಕಂಬ. ಅದರ ಸಮೀಪದ ಹಳ್ಳಿಯೊಂದರಲ್ಲಿ ನನ್ನ ಭಾವನವರ ಜಮೀನಿದೆ. ಕಳೆದ ಬೇಸಿಗೆಯಲ್ಲಿ ಅವರ ಜಗಲಿಯ ಮೇಲೆ ಕುಳಿತು, ದೇಶದ ವಿದ್ಯುತ್ ಜಾಲಗಳೆಲ್ಲ ಒಂದಾಗಿರುವ ಸಂಗತಿಯನ್ನು ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ಎಲೆಗೆ ಸುಣ್ಣ ಸವರುತ್ತಿದ್ದ ಅವರು ಕೇಳಿದರು: “ಮೇಷ್ಟ್ರೇ, ನಿಮ್ಮ ಗ್ರಿಡ್ಡು ಡೆಲ್ಲಿಗಂಟ ಹೋಗದಂತೆ, ಸರಿ. ನನ್ನ ಪಂಪಿಗೆ ಹಗಲೊತ್ತು ಕರೆಂಟು ಬತ್ತದಾ, ಅದ ಹೇಳಿ.” ನಾನು ನಿರುತ್ತರನಾದೆ. ಇಂದಿನ ಮಾತು ಆ ಪ್ರಶ್ನೆಗೆ ಉತ್ತರ ಅರಸುವ ಯತ್ನ.

ವಿದ್ಯುತ್ತನ್ನು ದೂರಕ್ಕೆ ಒಯ್ಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿದಳು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಗಣಿಗೆ ಮೊದಲು, ಮನೆಗೆ ಅನಂತರ ಎಂಬ ಈ ಕ್ರಮವನ್ನು ಗಮನಿಸಬೇಕು. ಶತಮಾನ ಕಳೆದು 2003ರಲ್ಲಿ ಅದೇ ಕೋಲಾರಕ್ಕೆ ಒಡಿಶಾದ ತಾಲ್ಚೇರ್‌ನಿಂದ 1,300 ಕಿಲೋಮೀಟರ್‌ಗೂ ಮಿಗಿಲಾದ ಮಾರ್ಗ ಬಂದಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜಾಲದೊಡನೆ ಬೆಸೆದುಕೊಂಡಿತು. ಅಂದಿನಿಂದ ಇಡೀ ಭಾರತದ ಜಾಲ ಸೆಕೆಂಡಿಗೆ 50 ಆವರ್ತಗಳ ಒಂದೇ ತಾಳಕ್ಕೆ ನಡೆಯುತ್ತಿದೆ.

ಈ ಕೂಟ ಏಕೆ ಬೇಕು? ಸೂರ್ಯನೂ ಗಾಳಿಯೂ ನಮ್ಮ ಆಜ್ಞೆಗೆ ಕಾಯುವವರಲ್ಲ. ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಸಂಜೆಯಾದೊಡನೆ ಅದು ಮಲಗುತ್ತದೆ. ಚಿತ್ರದುರ್ಗ, ಗದಗಗಳ ಗಾಳಿ ಮುಂಗಾರಿನಲ್ಲಿ ಬಲಿಯುತ್ತದೆ, ಅನಂತರ ತಗ್ಗುತ್ತದೆ. ಹಗಲು ಬಿಸಿಲು ದುಡಿದರೆ ಲಿಂಗನಮಕ್ಕಿಯ ನೀರನ್ನು ರಾತ್ರಿಗೆ ಉಳಿಸಬಹುದು. ಒಂದೂರಿನ ಕೊರತೆಯನ್ನು ಇನ್ನೊಂದೂರಿನ ಸಮೃದ್ಧಿ ತುಂಬಬೇಕಾದರೆ ನಡುವೆ ತಂತಿಯ ನಂಟು ಇರಲೇಬೇಕು.

ಆದರೆ ಒಟ್ಟು ಕುಟುಂಬದಲ್ಲಿ ಒಬ್ಬನ ಜ್ವರ ಎಲ್ಲರಿಗೂ ಹರಡಬಹುದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿಯಿತು. ಎರಡನೆಯ ದಿನ ಪೂರ್ವ, ಈಶಾನ್ಯಗಳೂ ಕತ್ತಲಾದವು. ಅಂದು ಬೇರೆ ತಾಳದಲ್ಲಿದ್ದ ದಕ್ಷಿಣ ಪಾರಾಯಿತು. ಆದ್ದರಿಂದ ಜಾಲ ದೊಡ್ಡದಾದರೆ ಸಾಲದು, ಜಾಣವೂ ಆಗಬೇಕು. ಎಲ್ಲಿ ಎಷ್ಟು ಬೇಕು, ಎಲ್ಲಿ ಮೋಡ ಕವಿಯಿತು, ಯಾವ ಮಾರ್ಗ ದಣಿಯಿತು ಎಂಬ ಸುದ್ದಿ ಕ್ಷಣಕ್ಷಣಕ್ಕೂ ನಿಯಂತ್ರಣ ಕೇಂದ್ರವನ್ನು ಮುಟ್ಟಬೇಕು. 2010ರ ದಶಕದಲ್ಲಿ ನಮ್ಮ ಮೈಸೂರಿನ ವಿ.ವಿ. ಮೊಹಲ್ಲಾ ವಿಭಾಗದಲ್ಲಿ 21 ಸಾವಿರಕ್ಕೂ ಹೆಚ್ಚು ಗ್ರಾಹಕರನ್ನು ಒಳಗೊಂಡು ಇಂಥದೊಂದು ಪ್ರಯೋಗ ನಡೆಯಿತು.

ಈಗ ಭಾವನವರ ಪ್ರಶ್ನೆಗೆ ಬರುತ್ತೇನೆ. ನಾಗರಹೊಳೆ, ಬಂಡೀಪುರಗಳ ಅಂಚಿನ ಆ ಸೀಮೆಯಲ್ಲಿ ನಡುರಾತ್ರಿ ಪಂಪು ಹಾಕಲು ಹೊರಟವನಿಗೆ ಆನೆ ಎದುರಾಗುವುದು ಕಥೆಯಲ್ಲ. ನಡುಹಗಲಿನ ಬಿಸಿಲಿನಿಂದ ವಿದ್ಯುತ್ತು ಹೇರಳವಾಗುವ ಕಾಲದಲ್ಲೂ ರೈತ ಕತ್ತಲಲ್ಲಿ ಗದ್ದೆಗೆ ನಡೆಯಬೇಕೆಂದರೆ, ಕೊರತೆ ಇರುವುದು ತಂತಿಯಲ್ಲಲ್ಲ, ನಮ್ಮ ವಿವೇಕದಲ್ಲಿ. ಪಂಪ್‌ಸೆಟ್‌ಗಳ ಮಾರ್ಗಗಳಿಗೆ ಸೌರಶಕ್ತಿಯನ್ನೇ ಒದಗಿಸಿ ಹಗಲಿನಲ್ಲಿ ನೀರೆತ್ತಿಸುವ ಕುಸುಮ್ ಯೋಜನೆ ಸರಿಯಾದ ಹೆಜ್ಜೆ. ಕಬಿನಿಯ ಜಲಾಶಯಕ್ಕೆ ಹಳ್ಳಿಗಳನ್ನೇ ಬಿಟ್ಟುಕೊಟ್ಟ ತಾಲ್ಲೂಕಿಗೆ ಅಷ್ಟನ್ನು ಕೇಳುವ ಹಕ್ಕಿದೆ.

ಕೈಮರ ದೂರದ ಊರನ್ನೂ ತೋರುತ್ತದೆ, ಹತ್ತಿರದ ಊರನ್ನೂ ತೋರುತ್ತದೆ. ನಮ್ಮ ಜಾಲವೂ ಹಾಗಿರಲಿ. ಭಾವನವರ ಬ್ಯಾಟರಿ ಇನ್ನೂ ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಿದೆ. ಅದನ್ನು ಅವರು ಮರೆತ ದಿನ ನನ್ನ ಉತ್ತರ ಪೂರ್ಣವಾದೀತು.