ನೀರು ಶುದ್ಧ, ಹಕ್ಕಿ ಸತ್ತಿದೆ

ಪರೀಕ್ಷೆಯಲ್ಲಿ ‘ಪರಿಸರ ಮಾಲಿನ್ಯ’ದ ಮೇಲೆ ಪ್ರಬಂಧ ಬರೆಯದೆ ಶಾಲೆ ಮುಗಿಸಿದವರು ಈ ಸಭೆಯಲ್ಲಿ ಇರಲಾರರು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಲ್ಲವೂ ಇರುತ್ತಿದ್ದವು. ಒಂದು ಕೆರೆಯ ಹೆಸರು ಮಾತ್ರ ಇರುತ್ತಿರಲಿಲ್ಲ, ಒಂದು ಅಂಕಿಯೂ ಇರುತ್ತಿರಲಿಲ್ಲ. ಇದಕ್ಕೆ ಮದ್ದು ಎಂದು ನಾನು ಹೇಳುವುದು ಅಮೆರಿಕದ ಜೀವವಿಜ್ಞಾನಿ ರೇಚೆಲ್ ಕಾರ್ಸನ್ ಕೀಟನಾಶಕಗಳ ಬಗ್ಗೆ 1962ರಲ್ಲಿ ಪ್ರಕಟಿಸಿದ ‘ಸೈಲೆಂಟ್ ಸ್ಪ್ರಿಂಗ್’. ಇಡೀ ಪುಸ್ತಕ ಬೇಡ; ಕ್ಲಿಯರ್ ಲೇಕ್ ಬಗ್ಗೆ ಇರುವ ಕೆಲವು ಪುಟ ಸಾಕು.

ಕ್ಯಾಲಿಫೋರ್ನಿಯಾದ ಆ ಸರೋವರದಲ್ಲಿ ನುಸಿಯ ಕಾಟ. ಕಚ್ಚುವ ನುಸಿಯೂ ಅಲ್ಲ, ಬರೀ ಕಿರಿಕಿರಿ. ಅದಕ್ಕೆಂದು 1949, 1954, 1957ರಲ್ಲಿ ನೀರಿಗೆ ಡಿಡಿಡಿ ಹಾಕಿದರು. ಡಿಡಿಟಿಯ ದಾಯಾದಿ ಅದು. ಮೊದಲ ಸಲ ಹಾಕಿದ್ದು ಏಳು ಕೋಟಿ ಪಾಲು ನೀರಿಗೆ ಒಂದೇ ಪಾಲು. ಎರಡನೆಯ ಸಲದ ನಂತರ ಗ್ರೀಬ್ ಹಕ್ಕಿಗಳು, ಅಂದರೆ ನಮ್ಮ ಗುಳುಮುಳುಕದ ಬಳಗದವು, ಸಾಯತೊಡಗಿದವು. ಸೋಂಕಿನ ಗುರುತಿಲ್ಲ. ಕೊನೆಯ ಸಲ ಹಾಕಿ ಸ್ವಲ್ಪ ದಿನಕ್ಕೆ ನೀರು ಪರೀಕ್ಷಿಸಿದರೆ ವಿಷದ ಸುಳಿವೇ ಇಲ್ಲ!

ಮೇಷ್ಟ್ರು ಪುಸ್ತಕ ಮುಚ್ಚಿಸಬೇಕಾದದ್ದು ಇಲ್ಲಿ. ನೀರು ಶುದ್ಧ, ಹಕ್ಕಿ ಸತ್ತಿದೆ. ಇನ್ನು ಏನನ್ನು ಪರೀಕ್ಷಿಸುತ್ತೀರಿ? ಮಕ್ಕಳ ಊಹೆಗಳೆಲ್ಲ ಬೋರ್ಡಿಗೆ ಬರಲಿ. ಆಮೇಲೆ ಓದಲಿ: ಪ್ಲಾಂಕ್ಟನ್‌ನಲ್ಲಿ ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಲ್ಲಿ, ಹತ್ತು ಲಕ್ಷಕ್ಕೆ ಸುಮಾರು 5 ಪಾಲು ಡಿಡಿಡಿ, ಹಕ್ಕಿಯ ಕೊಬ್ಬಿನಲ್ಲಿ 1,600. ನಡುವೆ ಮೀನು. ಈಗ ಒಂದು ಪ್ಯಾರಾ ಬರೆಯಲಿ. ಅಳೆದು ತಿಳಿದದ್ದರ ಕೆಳಗೆ ಒಂದು ಗೆರೆ, ಅದರಿಂದ ಊಹಿಸಿದ್ದರ ಕೆಳಗೆ ಎರಡು. ವ್ಯಾಕರಣದ ತಪ್ಪು ತಿದ್ದುವುದು ಮಾರನೆಯ ದಿನಕ್ಕಿರಲಿ.

ಕಾರ್ಸನ್ ಅವರನ್ನೂ ಹೀಗೆಯೇ ಜರಡಿ ಹಿಡಿಯಬೇಕು. ಮೊದಲ ಅಧ್ಯಾಯದಲ್ಲಿ ಕೀಟನಾಶಕದಿಂದ ಹಾಳಾಗುವ ಊರು ಕಲ್ಪಿತ. ಹಾಗೆಂದು ಅವರೇ ಹೇಳಿದ್ದಾರೆ. ಕೀಟನಾಶಕ ತಯಾರಿಸುತ್ತಿದ್ದ ಮೊನ್ಸಾಂಟೊ ಕಂಪನಿ ಅದೇ ವರ್ಷ ಅದಕ್ಕೊಂದು ಅಣಕು ಬರೆಸಿ ಅಚ್ಚು ಹಾಕಿಸಿತು: ಕೀಟನಾಶಕವಿಲ್ಲದೆ ಹಾಳಾದ ಅಮೆರಿಕದ ಕಥೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿದರೆ, ಕಥೆಗೆ ಕಥೆ ಸಮವಾಗಿಯೇ ನಿಲ್ಲುತ್ತದೆ, ಭಯ ಹುಟ್ಟಿಸುವುದು ಯಾರಿಗಾದರೂ ಬರುತ್ತದೆ. ಕಾರ್ಸನ್ ಪುಸ್ತಕದ ಕೊನೆಗೆ ಐವತ್ತಕ್ಕೂ ಹೆಚ್ಚು ಪುಟ ಆಧಾರಗಳ ಪಟ್ಟಿ ಏಕಿದೆ ಎಂದು ಮಕ್ಕಳಿಗೆ ಆಗ ತಾನಾಗಿ ಹೊಳೆಯುತ್ತದೆ.

ನಮ್ಮಲ್ಲೂ ಇದೆಯಲ್ಲ, ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್. ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ತಡೆದದ್ದು 2011ರಲ್ಲಿ. ಆ ಬಗ್ಗೆ ಬರೆಯಲು ಹೇಳಿದರೆ ಮಕ್ಕಳ ಹಾಳೆ ಕಣ್ಣೀರಿನಿಂದ ತುಂಬುತ್ತದೆ, ತಪ್ಪೇನಲ್ಲ. ಆದರೆ ಯಾವ ಊರು, ಯಾವ ವರ್ಷ, ಯಾರ ವರದಿ? ಈ ಮೂರನ್ನು ಹುಡುಕಿ ತರಲು ಒಂದು ವಾರ ಕೊಡಿ. ಮೊದಲ ವಾಕ್ಯ ಆಮೇಲೆ ಬರೆಯಲಿ.