ಅಪ್ಪ, ಮಗ ಮತ್ತು ಐರನ್‌ಮ್ಯಾನ್

ಅಮೆರಿಕದ ಡಿಕ್ ಹೋಯ್ಟ್ ಅವರ ಮಗ ರಿಕ್‌ಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇತ್ತು. ಕೈಕಾಲು ಸ್ವಾಧೀನದಲ್ಲಿರಲಿಲ್ಲ, ಮಾತಿರಲಿಲ್ಲ. ಬುದ್ಧಿ ಮಾತ್ರ ಬಲು ಚುರುಕಾಗಿತ್ತು. 1977ರಲ್ಲಿ ಅಪ್ಪ ಮಗನ ಗಾಲಿಕುರ್ಚಿ ತಳ್ಳಿಕೊಂಡು ಐದು ಮೈಲಿ ಓಡಿದರು. ಓಡುವಾಗ ತನಗೆ ಅಂಗವೈಕಲ್ಯವೇ ಇಲ್ಲವೆನ್ನಿಸಿತು ಎಂದು ಮಗ ಕಂಪ್ಯೂಟರ್ ಮೂಲಕ ತಿಳಿಸಿದ. ಓಟ ಮುಂದುವರಿಸಲು ಅಪ್ಪನಿಗೆ ಅಷ್ಟು ಸಾಕಾಯಿತು.

1989ರಲ್ಲಿ ಇಬ್ಬರೂ ಹವಾಯಿಯ ಐರನ್‌ಮ್ಯಾನ್ ಟ್ರಯಾಥ್ಲಾನ್ ಸ್ಪರ್ಧೆ ಮುಗಿಸಿದರು. ಮೈಗೆ ಹಗ್ಗ ಬಿಗಿದು, ಮಗ ಮಲಗಿದ್ದ ರಬ್ಬರ್ ದೋಣಿ ಎಳೆಯುತ್ತ ಸಮುದ್ರದಲ್ಲಿ 3.8 ಕಿಲೋಮೀಟರ್ ಈಜು. ಅವನನ್ನು ಮುಂದೆ ಕೂರಿಸಿಕೊಂಡು 180 ಕಿಲೋಮೀಟರ್ ಸೈಕಲ್. ಆಮೇಲೆ ಕುರ್ಚಿ ತಳ್ಳುತ್ತ ಇಡೀ ಮ್ಯಾರಥಾನ್!

ಇದನ್ನು ತ್ಯಾಗ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಬ್ಬರೇ ಸ್ಪರ್ಧೆಗಿಳಿಯಲು ಡಿಕ್‌ಗೆ ಮನಸ್ಸಿರಲಿಲ್ಲ. ಮಗನಿಲ್ಲದ ಓಟ ಅವರಿಗೆ ಬೇಕಿರಲೇ ಇಲ್ಲ.